ಅಮೃತಮ್ಮನ ಬೀದಿಯ ಕಲ್ಲು

"ಏನ್ ತಬ್ಕೊಂಡ್ ನಿಂತಿದೀಯೋ ಬೋಳಿಮಗನೆ! ಅದೇನ್ ಕಲ್ಲಾ, ನಿನ್ ಹೆಂಡ್ತೀನಾ? ಹಾಕು ಮೋರಿ ಮೇಲೆ. ನಾಳೆ ಬಚ್ಚಪ್ಪೋರು ಅದ್ರ ಮೇಲೆ ನಿಂತೇ ಹೊಸ ಕಲ್ಲಿನ ಪರದೆ ಎಳೀಬೇಕು."

ಕಂಟ್ರಾಕ್ಟರ್ ಗಂಗಾಧರನ ಮಾತಿಗೆ ಗಾರೆ ಮೇಸ್ತ್ರಿ ನಿಂಗಣ್ಣ ಕಲ್ಲನ್ನು ಇನ್ನಷ್ಟು ಬಿಗಿಯಾಗಿ ಹಿಡಿದ. ಅವನ ಪಾಲಿಗೆ ಆ ಕಲ್ಲು ಹೆಂಡತಿಯೇ ಆಗಿತ್ತು. ರಾಮಮೂರ್ತಿ ನಗರದ ಈ ಬೀದಿಗೆ ಒಳಚರಂಡಿ ಗುಂಡಿ ತೋಡುವಾಗ ಮಣ್ಣು ಕುಸಿದು ಅವನ ಹೆಂಡತಿ ಅಮೃತಮ್ಮ ಅದರಡಿಯೇ ಉಸಿರು ಬಿಟ್ಟಿದ್ದಳು. ಗುಂಡಿಗೆ ಹಲಗೆ ಆನಿಸಿ ಎಂದು ಕೂಲಿಯವರು ಗಂಟಲು ಹರಿದುಕೊಂಡಿದ್ದರು. ಸೈಟುಗಳ ಮಾಲೀಕ ಬಚ್ಚಪ್ಪ, "ಹಲಗೆ ಏನ್ ನಿಮ್ಮಪ್ಪ ತರ್ತಾನಾ?" ಎಂದಿದ್ದ.

ಬಾಣಲೆ ಹೊರುವ ಹೆಂಗಸರೇ ಮೊದಲು ಅಮೃತಮ್ಮನ ಬೀದಿ ಎಂದು ಕರೆದರು. ಆಮೇಲೆ ಆಟೋದವರು, ಗ್ಯಾಸಿನವರು, ಕೊನೆಗೆ ಪೋಸ್ಟ್‌ಮ್ಯಾನ್ ಕೂಡ ಹಾಗೇ ಕರೆದ. ನಿಂಗಣ್ಣ ಲಾರಿಯವರ ಕೈಕಾಲು ಹಿಡಿದು ತನ್ನ ಸೀಮೆಯ ಶಹಾಬಾದ್ ಚಪ್ಪಡಿಯೊಂದನ್ನು ತರಿಸಿದ. ಅವಳ ಹೆಸರು ಕೆತ್ತಿಸಿ, ಎಸ್‌ಟಿಡಿ ಬೂತಿನ ಗೋಡೆಗೆ ಒರಗಿಸಿ ನಿಲ್ಲಿಸಿದ. ಅವನ ಹತ್ತಿರ ಅವಳದೊಂದು ಫೋಟೋ ಕೂಡ ಇರಲಿಲ್ಲ.

ಈಗ ಅದೇ ಜಾಗಕ್ಕೆ ಬಚ್ಚಪ್ಪನ ಅಪ್ಪನ ಹೆಸರಿನ ಕರಿ ಗ್ರಾನೈಟ್ ಬಂದಿತ್ತು: ದೊಡ್ಡಮುನಿಯಪ್ಪ ರಸ್ತೆ. ಆ ಮುದುಕ ಬದುಕಿರುವವರೆಗೂ ಕೂಲಿಯವರ ನೆರಳು ಸೋಕದ ಹಾಗೆ ಪಂಚೆ ಎತ್ತಿಕೊಂಡು ಓಡಾಡಿದವನು.

ನಿಂಗಣ್ಣ ಚಪ್ಪಡಿಯನ್ನು ಮೋರಿಗೆ ಅಡ್ಡ ಹಿಡಿದ. ಹೆಸರು ಮೇಲಿಟ್ಟರೆ ಕಾಲು, ಕೆಳಗಿಟ್ಟರೆ ಹೇಲು. ಹೀಗೊಮ್ಮೆ ಹಾಗೊಮ್ಮೆ ತಿರುಗಿಸಿದ.

"ಇದೊಂದು ಬ್ಯಾಡ್ರಿ ಸಾಹೇಬ್ರ. ಬ್ಯಾರೆ ಕಲ್ಲು ತರ್ತೀನ್ರಿ."

"ನಾಳೆಯಿಂದ ಕೆಲ್ಸ ಬೇಕಾ ಬೇಡ್ವಾ? ನೀನ್ ಮಲಗೋ ಶೆಡ್ಡೂ ಬಚ್ಚಪ್ಪೋರ್ದೇ, ನೆನಪಿರ್ಲಿ."

ನಿಂಗಣ್ಣ ಹೆಸರನ್ನು ಕೆಳಗೆ ಮಾಡಿ ಕಲ್ಲು ಹಾಸಿದ. ಬಚ್ಚಪ್ಪನ ಕಾಲಿಗಿಂತ ಹೇಲೇ ವಾಸಿ ಅನ್ನಿಸಿತು.

ಆಮೇಲೆ ಗ್ರಾನೈಟನ್ನು ಗೋಡೆಗೆ ಕೂರಿಸಿದ. ದಪ್ಪಗೆ ಸಿಮೆಂಟ್ ಮೆತ್ತಿ, ಮೂಲೆಮೂಲೆಗೂ ಕಬ್ಬಿಣದ ಕ್ಲಾಂಪು ಬಿಗಿದು, ಸ್ವಂತ ಮನೆ ಕಟ್ಟುವವನ ಹಾಗೆ ಕೆಲಸ ಮಾಡಿದ. ಮೇಲೆ ಒದ್ದೆ ಗೋಣಿ ಹೊದಿಸಿದ. ಗಂಗಾಧರ ಬೈಕಿನಿಂದ ಇಳಿಯದೆಯೇ ಕೇಳಿದ:

"ಮಟ್ಟ ನೋಡಿದ್ಯೇನೋ?"

"ನೋಡೀನ್ರಿ. ಇನ್ನ ಯಾರ್ ಬಂದ್ರೂ ಕೀಳಾಕ ಆಗಂಗಿಲ್ಲ."

ಬೆಳಿಗ್ಗೆ ಗೋಣಿ ತೆಗೆದು ಪರದೆ ಕಟ್ಟಿದವನೂ ಅವನೇ. ವಾಲಗ ಮೊಳಗಿತು. ಬಚ್ಚಪ್ಪ ಬಿಳಿ ಬೂಟು ಹಾಕಿಕೊಂಡು ಬಂದು, ಚಪ್ಪಡಿಯ ಮೇಲೆ ಹತ್ತಿ ನಿಂತು ಪರದೆಯ ಹಗ್ಗ ಎಳೆದ. ಅಲ್ಲಿ ಅಕ್ಷರವಿರಲಿಲ್ಲ. ಪಾಲಿಶ್ ಕಾಣದ ಒರಟು ಕಲ್ಲಷ್ಟೇ ಇತ್ತು. ಚಪ್ಪಾಳೆಗೆಂದು ಎತ್ತಿದ್ದ ಕೈಗಳು ಹಾಗೇ ನಿಂತವು.

ಗಂಗಾಧರ ನಿಂಗಣ್ಣನ ಕಾಲರಿಗೆ ಕೈ ಹಾಕಿದ. "ಉಲ್ಟಾ ಹಾಕಿದೀಯಲ್ಲೋ ಸೂಳೆಮಗನೆ!"

ಎದುರಿನ ಟೀ ಅಂಗಡಿಯ ಬಿಲ್ಕೀಸ್ ಓಡಿ ಬಂದಳು. "ಛೋಡೋ ಸಾಬ್! ಪಾಪ, ಅವ್ರಿಗೆ ಓದಕ್ಕೆ ಬರಲ್ಲ. ಗೊತ್ತಾಗ್ದೆ ಆಗೋಗಿದೆ, ಮಾಫ್ ಮಾಡ್ಬಿಡಿ." ಹೂಂ ಅನ್ನು ಎಂದು ನಿಂಗಣ್ಣನಿಗೆ ಕಣ್ಣಲ್ಲೇ ಹೇಳಿದಳು. ಹೂಂ ಅಂದಿದ್ದರೆ ಕೆಲಸವೂ ಉಳಿಯುತ್ತಿತ್ತು, ಶೆಡ್ಡೂ ಉಳಿಯುತ್ತಿತ್ತು.

ನಿಂಗಣ್ಣ ಕಾಲರಿನ ಮೇಲಿದ್ದ ಕೈಯನ್ನು ಕಿತ್ತು ಹಾಕಿದ.

"ಓದಾಕ ಬರಂಗಿಲ್ಲ, ಅದು ಖರೆ ಅಕ್ಕ. ಕಲ್ಲಿನ ಮುಖ ಯಾವ್ದು ಬೆನ್ನು ಯಾವ್ದು ತಿಳೀದಷ್ಟು ಕುರುಡ ಅಲ್ಲ. ಬೇಕಂತೇ ಹಚ್ಚೀನಿ."

"ಕೀಳ್ರೋ ಅದನ್ನ! ಈಗ್ಲೇ ಕೀಳ್ರೋ!" ಬಚ್ಚಪ್ಪ ಅರಚಿದ. ಕೂಲಿಯವರ ಸಾಲಿನಿಂದ ಒಬ್ಬರೂ ಮುಂದೆ ಬರಲಿಲ್ಲ.

"ಕೀಳಾಕ ಬರಂಗಿಲ್ರಿ, ಒಡೀಬೇಕು." ನಿಂಗಣ್ಣ ದೊಡ್ಡ ಸುತ್ತಿಗೆಯನ್ನು ತಂದು ಅವನ ಎದೆಯ ಮುಂದೆ ಹಿಡಿದ. "ನಿಮ್ಮಪ್ಪನ ಹೆಸರು ಅದರೊಳಗದ. ನೀವೇ ಒಡೀರಿ."

ಬಚ್ಚಪ್ಪ ಸುತ್ತಿಗೆಯನ್ನು ಮುಟ್ಟಲಿಲ್ಲ. ಅವನ ಬಿಳಿ ಬೂಟುಗಳು ಇನ್ನೂ ಚಪ್ಪಡಿಯ ಮೇಲೆಯೇ ಇದ್ದವು.

"ಅದಕ್ಕೂ ಮೊದ್ಲ," ಎಂದ ನಿಂಗಣ್ಣ, "ನನ್ನ ಹೇಣ್ತಿ ಮ್ಯಾಲಿಂದ ಇಳಿ."