ಎರಡು ದಾರಿಯ ಸುದ್ದಿ

"ನಿಮ್ಮಪ್ಪನ ಕಿವಿಗೆ ಬೀಳಬಾರದು ಕಣೇ ರಂಜನಿ. ಪುಣೆ ದೊಡ್ಡಪ್ಪ ಮೊನ್ನೆ ಹೋಗ್ಬಿಟ್ರಂತೆ. ಅಲ್ಲೇ ಎಲ್ಲಾ ಮುಗಿಸಿದ್ದಾರೆ. ನಾಳೆ ನಾಂದಿ ಶಾಸ್ತ್ರ ಆಗಿಬಿಡ್ಲಿ, ಆಮೇಲೆ ನಿನ್ನ ಮದುವೆಗೆ ಸೂತಕ ತಟ್ಟಲ್ಲ. ಕೇಳಿದ್ರೆ ತಾನೇ ಸೂತಕ!" ಹಾಸನದಿಂದ ಗೋದಮ್ಮತ್ತೆ ಇಷ್ಟು ಹೇಳಿ ಫೋನಿಟ್ಟಳು.

ರಂಜನಿ ರಿಸೀವರ್ ಹಿಡಿದೇ ನಿಂತಳು. ದುಃಖವಾಗಬೇಕಿತ್ತು, ಆದದ್ದು ನಾಚಿಕೆಗೆಟ್ಟ ಸಂತೋಷ. ಅಪ್ಪನಿಗೆ ಒಂದು ಮಾತು ಹೇಳಿದರೆ ಮದುವೆ ನಿಂತಿತು. ಸೂತಕ ಕಳೆಯುವಷ್ಟರಲ್ಲಿ ಆಷಾಢ, ಅಷ್ಟರಲ್ಲಿ ಚನ್ನರಾಯಪಟ್ಟಣದ ಹುಡುಗ ರಜೆ ಮುಗಿದು ಮಸ್ಕತ್ತಿಗೆ ಹಾರಿರುತ್ತಾನೆ. ಮುಂದಿನ ರಜೆಯವರೆಗೆ ಒಂದು ವರ್ಷ ಉಳಿಯಿತು!

ಆ ವರ್ಷ ಅವಳಿಗೆ ಬೇಕೇ ಬೇಕಿತ್ತು. ಅವಳ ಸಂಶೋಧನೆಯೆಲ್ಲ ಒಂದು ಕ್ವೇಸಾರಿನ ಮೇಲೆ. ಆಕಾಶದಲ್ಲಿ ಬಲುದೂರದ ಆ ದೀಪಕ್ಕೆ ನಡುವೆ ಒಂದು ಗೆಲಾಕ್ಸಿ ಅಡ್ಡ; ಅದರ ಸೆಳೆತಕ್ಕೆ ಬೆಳಕು ಬಾಗಿ ಎರಡು ದಾರಿ ಹಿಡಿದು ಬಂದು, ಎರಡು ಚುಕ್ಕಿಯಾಗಿ ಕಾಣುತ್ತದೆ. ಕಳೆದ ಚಳಿಗಾಲ ಒಂದು ಚುಕ್ಕಿ ಇದ್ದಕ್ಕಿದ್ದಂತೆ ಬೆಳಗಿತ್ತು. ಅದೇ ಹೊಳಪು ಸುತ್ತುದಾರಿಯಲ್ಲಿ ಬಂದು ಬರುವ ಚಳಿಗಾಲ ಇನ್ನೊಂದರಲ್ಲಿ ಕಾಣಬೇಕು. ಎಷ್ಟು ತಡವಾಯಿತೆಂದು ತಿಳಿದರೆ ವಿಶ್ವ ಯಾವ ವೇಗದಲ್ಲಿ ಹಿಗ್ಗುತ್ತಿದೆಯೆಂದು ಲೆಕ್ಕ ಹಾಕಬಹುದು. ಹುಡುಗನ ಕಡೆಯವರು ಓದಿದ್ದು ಸಾಕು ಅಂದಿದ್ದರು. ಅಪ್ಪನೂ ಹೂಂ ಅಂದುಬಿಟ್ಟಿದ್ದ.

ಹೇಳಿಬಿಡುವುದೆಂದೇ ಹಿತ್ತಿಲಿಗೆ ಹೋದಳು. ಅಪ್ಪ ಚಲುವನಾರಾಯಣ ಬಾವಿಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಜ್ವರ ಬಂದರೂ ಹೊಳೆನರಸೀಪುರದ ದೇವರ ಪೂಜೆ ತಪ್ಪಿಸದ ಅರ್ಚಕ, ಇವತ್ತು ಮಂಡಿನೋವೆಂದು ಪಕ್ಕದ ಬೀದಿಯ ಆತ್ರೇಯನನ್ನು ಗುಡಿಗೆ ಕಳಿಸಿದ್ದ. ಮಂಡಿನೋವಿನವನು ಕಟ್ಟೆ ಹತ್ತಿ ಕೂತಾನೆಯೇ? ಅಯ್ಯೋ, ಇವನಿಗೆ ಗೊತ್ತಾಗಿದೆ! ಸೂತಕದಲ್ಲಿ ಗರ್ಭಗುಡಿ ಮೆಟ್ಟಲಾರ, ಮಗಳ ಮದುವೆ ನಿಲ್ಲಿಸಲಾರ. ಜೊತೆಯಲ್ಲಿ ಉಂಡು ಬೆಳೆದ ಅಣ್ಣನಿಗಾಗಿ ಒಂದು ಹನಿ ಕಣ್ಣೀರು ಹಾಕುವಂತಿಲ್ಲ.

"ಯಾರು ಹೇಳಿದ್ರಪ್ಪಾ, ದೊಡ್ಡಪ್ಪನ ವಿಷಯ?"

ಅವನು ತಲೆ ಎತ್ತಲಿಲ್ಲ. "ರಾತ್ರಿ ಗುಡಿ ಬಾಗಿಲು ಹಾಕೋವಾಗ ಪುಣೆಯಿಂದ ಬಂದೋರು ಯಾರೋ. ನಂಗೆ ಕೇಳಿಸ್ಲಿಲ್ಲ ಅಂತ ಇಟ್ಕೋ. ಮದುವೆ ನಿಂತ್ರೆ ಜನ ನಿನ್ನೇ ಆಡ್ಕೋತಾರೆ ಕಣಮ್ಮ."

"ಆಡ್ಕೊಳ್ಳಿ ಬಿಡು. ನಂಗೆ ನಿಲ್ಲೋದೇ ಬೇಕಾಗಿತ್ತು. ಆ ಬೆಳಕು ಬರೋದನ್ನ ನೋಡ್ಬೇಕಪ್ಪಾ. ನೀನು ಅತ್ತುಬಿಡು."

ಚಲುವನಾರಾಯಣ ಮಗಳ ಮುಖವನ್ನೇ ನೋಡಿದ. ಆಮೇಲೆ ಇಳಿದು, ಸಾವಿನ ಸುದ್ದಿ ಕೇಳಿದವರು ಮಾಡುವಂತೆ, ಒಂದು ಕೊಡ ಸೇದಿ ಉಟ್ಟ ಪಂಚೆಯಲ್ಲೇ ತಲೆಯ ಮೇಲೆ ಸುರಿದುಕೊಂಡ. "ಅಣ್ಣಾ" ಅಂದ. ಇನ್ನೊಂದು ಕೊಡ ಸೇದಿ ರಂಜನಿ ತನ್ನ ತಲೆಗೂ ಸುರಿದುಕೊಂಡಳು.

ಮದುವೆಗೆಂದು ಚಿರೋಟಿ ಕರಿಯುತ್ತಿದ್ದ ಅಮ್ಮ ಜಾಲರಿ ಹಿಡಿದೇ ಹಿತ್ತಿಲ ಬಾಗಿಲಿಗೆ ಬಂದಳು. ಇಬ್ಬರೂ ತೊಪ್ಪೆಯಾಗಿ ನಿಂತದ್ದನ್ನು ಕಂಡು ಒಳಗೆ ಹೋಗಿ ಒಲೆ ಆರಿಸಿದಳು.