ನಾಲ್ಕನೇ ಏಟು

“ನಲವತ್ತು ಅಡಿಯಿಂದ ಹಾರಿದ ಕಣ್ರೀ! ಗಾಳಿಯಲ್ಲೇ ಮೂರು ಪಲ್ಟಿ ಹೊಡೆದ, ಹಾಡಿನ ಎರಡನೇ ಚರಣ ಅಲ್ಲೇ ಮೇಲೇ ಮುಗಿಸಿದ, ಆಮೇಲೆ ಪುರುಸೊತ್ತಾಗಿ ಕೆಳಗೆ ಬಂದ!”

ಶವಪೆಟ್ಟಿಗೆಯ ಹಿಂದಿನ ಮೂಲೆಗೆ ಹೆಗಲು ಕೊಟ್ಟು ಮೂರನೇ ಮಹಡಿಯಿಂದ ಇಳಿಯುವಾಗಲೂ ಡಬರಿಯ ಬಾಯಿಗೆ ಬೀಗವಿರಲಿಲ್ಲ.

“ರೈಲು ಆಮೇಲೆ ಬಿಡು ಮಾರಾಯ, ಮೊದಲು ಮೆಟ್ಟಿಲು ನೋಡು,” ಮುಂದಿನ ಮೂಲೆಯಿಂದ ದರ್ಜಿ ಏದುಸಿರು ಬಿಟ್ಟ. “ನೀನು ಎಡವಿದ್ರೆ ಇವನು ಇನ್ನೊಂದ್ಸಲ ಹಾರ್ತಾನೆ.”

“ಹಾರಲಿ ಬಿಡು. ಅವನಿಗೇನು ಹೊಸದಾ?”

ಪೆಟ್ಟಿಗೆಯೊಳಗಿದ್ದವನನ್ನು ಇಡೀ ಜಗತ್ತು ಕಪ್ಪೆ ಎಂದು ಕರೆಯುತ್ತಿತ್ತು. ಜಗತ್ತು ಎಂದರೆ ಡಬರಿಯ ಪ್ರಕಾರ ಏಳು ಖಂಡ. ಉಳಿದವರ ಪ್ರಕಾರ, ರೈಲುಗೇಟಿನಾಚೆಯ ನೆಲಮಾಳಿಗೆಗೆ ಶನಿವಾರ ಸಂಜೆ ಬರುತ್ತಿದ್ದ ಎಂಬತ್ತು ಜನ. ವಾರವಿಡೀ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುತ್ತಿದ್ದ ಕಪ್ಪೆ, ಶನಿವಾರ ಮಾತ್ರ ರಾಕ್ ತಂಡದ ಮುಂದೆ ನಿಂತು ಗಂಟಲು ಹರಿಯುವಂತೆ ಹಾಡಿ, ಕೊನೆಯ ಹಾಡಿನಲ್ಲಿ ಸ್ಪೀಕರುಗಳ ಮೇಲೆ ಹತ್ತಿ ಜನರತ್ತ ಹಾರುತ್ತಿದ್ದ. ಹಿಂದೆ ಕೂತು ಡ್ರಮ್ಮು ಬಡಿಯುತ್ತಿದ್ದವನು ಡಬರಿ. ಇಪ್ಪತ್ತಾರು ವರ್ಷ ಹೀಗೇ ನಡೆಯಿತು. ಇಂಥವನು ಸತ್ತಿದ್ದು ಮಾತ್ರ ಅಂಗಡಿಯ ಸ್ಟೂಲಿನ ಮೇಲೆ, ಅರ್ಧ ಸುತ್ತಿದ ತಂತಿ ಹಿಡಿದುಕೊಂಡು. ಎದೆ ನಿಂತಿತು, ಅಷ್ಟೇ. ಇಷ್ಟು ಸಪ್ಪೆ ಸಾವು ಡಬರಿಗೆ ಅರಗಲಿಲ್ಲ. ಸ್ಮಶಾನ ಮುಟ್ಟುವಷ್ಟರಲ್ಲಿ ನಲವತ್ತು ಅಡಿ ಅರವತ್ತಾಗಿತ್ತು.

“ಹಾಗಾದ್ರೆ ಅವನ ಕುಂಟು?” ಗುಂಡಿಯ ಪಕ್ಕ ಯಾರೋ ಕೇಳಿದರು.

“ಅದಾ? ಕೆಳಗೆ ಯಾರೂ ಹಿಡೀಕೂಡದು ಅಂತ ಅವನದೇ ಹುಕುಂ. ಎಲ್ಲರೂ ಸರಿದು ನಿಂತ್ರು. ನೆಲವೇ ಹೆದರಿ ಎರಡಿಂಚು ತಗ್ಗಿತು! ಮೊಣಕಾಲು ಮೂರು ಚೂರು. ಎದ್ದು ಇನ್ನೂ ಎರಡು ಹಾಡು ಹೇಳಿದ.”

“ಹಾಡಲ್ಲ, ಕಿರುಚಾಟ,” ಕಪ್ಪೆಯ ಹೆಂಡತಿ ತಲೆ ಎತ್ತದೆ ಮಣ್ಣು ಹಾಕಿದಳು. “ಆಸ್ಪತ್ರೆಗೆ ಹೊತ್ಕೊಂಡು ಹೋದವಳು ನಾನು.”

“ಹುಚ್ಚಾಟ!” ಕಪ್ಪೆಯ ಅಕ್ಕ ಮೂಗು ಒರೆಸಿಕೊಂಡಳು. “ಹೆಂಡ್ತಿ ಮಗಳು ಇರೋನು ಆಡೋ ಆಟವಾ ಅದು?”

“ಆ ಹುಚ್ಚಾಟ ಇಲ್ಲದಿದ್ರೆ ಅತ್ತೆ,” ಮಗಳು ಎಂದಳು, “ಅಪ್ಪ ಇಪ್ಪತ್ತಾರು ವರ್ಷದ ಹಿಂದೇನೇ ಆ ಸ್ಟೂಲ್ ಮೇಲೆ ಸತ್ತಿರ್ತಿದ್ದ.” ಆಮೇಲೆ ಡಬರಿಯತ್ತ ತಿರುಗಿದಳು. “ಮಾಮ, ಸಂಜೆ ಅಪ್ಪನ ನೆನಪಿಗೆ ನೆಲಮಾಳಿಗೇಲಿ ಹಾಡ್ತೀವಲ್ಲ, ನಾನೂ ಹಾರ್ತೀನಿ. ಅಪ್ಪನ ಹಾಗೇ. ಯಾರೂ ಹಿಡೀಬೇಕಿಲ್ಲ.”

ಡಬರಿ ನಕ್ಕ. ದುಃಖದಲ್ಲಿ ಜನ ಏನೇನೋ ಅನ್ನುತ್ತಾರೆ.

*

ಯಾಕೆ ಹಾರ್ತೀಯ ಎಂದು ಡಬರಿ ಒಮ್ಮೆ ಅಂಗಡಿಯಲ್ಲೇ ಕೇಳಿದ್ದ.

“ಬೆಳಗಿಂದ ಸಂಜೆವರೆಗೆ ಸುತ್ತೋದೇ ನನ್ನ ಕೆಲಸ,” ಕಪ್ಪೆ ತಂತಿಯ ಎಳೆ ಹಲ್ಲಿನಲ್ಲಿ ಕಚ್ಚಿಕೊಂಡೇ ಹೇಳಿದ್ದ. “ಅಲ್ಲಿ ಒಂದು ಗಳಿಗೆ ನನಗೆ ತೂಕಾನೇ ಇರಲ್ಲ ಕಣೋ.”

“ಹೆದರಿಕೆ?”

“ಪ್ರತಿ ಸಲ. ಹೆದರಿಕೆ ಇಲ್ಲದಿದ್ರೆ ಅದು ಹಾರೋದಲ್ಲ, ಬೀಳೋದು.”

*

ಸಂಜೆ ಐದಕ್ಕೆ ನೆಲಮಾಳಿಗೆಯಲ್ಲಿ ಮೂವತ್ತು ಜನ ಸೇರಿದ್ದರು, ಅರ್ಧ ಜನ ಮೊಣಕಾಲು ಹಿಡಿದುಕೊಂಡೇ ಇಳಿದವರು. ಮಗಳು ಅಪ್ಪನ ಹಾಡು ಹಾಡಿದಳು. ಶ್ರುತಿ ಒಂದೂರು, ಅವಳೊಂದೂರು; ಆದರೆ ದನಿ ಗೋಡೆಯ ಸುಣ್ಣ ಉದುರಿಸಿತು. ಕೊನೆಯ ಚರಣಕ್ಕೆ ಅವಳು ಸ್ಪೀಕರು ಹತ್ತಿದಳು. ಒಂದರ ಮೇಲಿನ್ನೊಂದು, ಅದರ ಮೇಲೆ ಇವಳು.

ಆಗ ಡಬರಿ ಕಂಡದ್ದು ಇದು: ಮುಂದಿದ್ದವರೆಲ್ಲ ಭಕ್ತಿಯಿಂದ ಹಿಂದೆ ಸರಿದರು. ಬೆಳಗಿನಿಂದ ಅವನೇ ಹೇಳಿದ್ದನಲ್ಲ, ಅವಳೂ ಅಂದಿದ್ದಳಲ್ಲ, ಯಾರೂ ಹಿಡಿಯಕೂಡದು ಅಂತ. ಅವಳ ಕೆಳಗೆ ಬರೀ ಸಿಮೆಂಟು ನೆಲ ಉಳಿಯಿತು. ನೆಲ ಯಾರಿಗೂ ಹೆದರಿದಂತೆ ಕಾಣಲಿಲ್ಲ.

ಡ್ರಮ್ಮು ನಿಂತಿತು. ಡಬರಿ ಮೈಕು ಎಳೆದುಕೊಂಡ.

“ಇಳಿ ಪುಟ್ಟಿ. ನಿಮ್ಮಪ್ಪ ಹಾರಿದ್ದು ನಲವತ್ತು ಅಡಿಯಿಂದಲ್ಲ.”

“ನಂಗೊತ್ತು ಮಾಮ. ಈ ಸೂರೇ ಹದಿನಾಲ್ಕಡಿ.”

ಜನ ನಕ್ಕರು. ಡಬರಿ ನಗಲಿಲ್ಲ.

“ಯಾರೂ ಹಿಡೀತಿರಲಿಲ್ಲ ಅಂದಿದ್ದೂ ಸುಳ್ಳು. ಪ್ರತಿ ಸಲ ಎಂಟು ಜನ ಇರ್ತಿದ್ರು. ದೀಪ ಕಣ್ಣಿಗೆ ಹೊಡೆದು ನಿಮ್ಮಪ್ಪನಿಗೆ ಕೆಳಗೆ ಏನೂ ಕಾಣ್ತಿರಲಿಲ್ಲ. ನೋಡ್ತಿದ್ದೋನು ನಾನು. ಎಂಟೂ ಜನ ನಿಂತ ಮೇಲೆ ಡ್ರಮ್ಮಿನ ಪಕ್ಕದ ಈ ಕಂಚಿನ ತಟ್ಟೆಗೆ ನಾಲ್ಕು ಏಟು. ನಾಲ್ಕನೇದಕ್ಕೆ ಅವನು ಹಾರೋನು.”

“ಮತ್ತೆ ಮೊಣಕಾಲು?” ಬಾಗಿಲ ಬಳಿಯಿಂದ ಕಪ್ಪೆಯ ಹೆಂಡತಿ ಕೇಳಿದಳು. “ಬೆವರಿಗೆ ಜಾರಿದೆ ಅಂದಿದ್ರು ನನ್ನ ಹತ್ರ.”

ಹುಟ್ಟಿದಾಗಲೇ ಭಾಷಣ ಮಾಡಿದ್ದೆ ಎನ್ನುತ್ತಿದ್ದ ಡಬರಿ ಮೈಕನ್ನು ಪಕ್ಕಕ್ಕೆ ತಿರುಗಿಸಿದ.

“ಜಾರಲಿಲ್ಲ ಅತ್ತಿಗೆ,” ಎಂದ. “ಆವತ್ತು ಜನ ನನ್ನ ಬಡಿತಕ್ಕೆ ಶಿಳ್ಳೆ ಹಾಕ್ತಿದ್ರು. ಅದರ ಗುಂಗಲ್ಲಿ ನಾನು ಕೆಳಗೆ ನೋಡಲೇ ಇಲ್ಲ. ನಾಲ್ಕೂ ಏಟು ಹೊಡೆದುಬಿಟ್ಟೆ. ಕೆಳಗೆ ಒಬ್ಬರೂ ಇರಲಿಲ್ಲ.”

“ಅವರಿಗೆ ಗೊತ್ತಿತ್ತಾ?”

“ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಕಾಲು ಕೂಡಿದ ಮೇಲೆ ಮತ್ತೆ ಹತ್ತಿದ. ನನ್ನ ಏಟಿಗೇ ಹಾರಿದ.”

ಮಗಳು ಇಳಿಯಲಿಲ್ಲ.

“ಹಾಗಾದ್ರೆ ಈಗ ನೋಡಿ ಹೊಡಿ, ಮಾಮ.”

“ಪುಟ್ಟಿ...”

“ನೋಡಿ ಹೊಡಿ ಅಂದೆ.”

ಮೊದಲು ಕದಲಿದವಳು ಕಪ್ಪೆಯ ಹೆಂಡತಿ. ಚಪ್ಪಲಿ ಕಳಚಿ ಪಕ್ಕಕ್ಕೆ ತಳ್ಳಿ, ಖಾಲಿ ನೆಲದ ನಡುವೆ ಬಂದು ಎರಡೂ ಕೈ ಮೇಲೆತ್ತಿದಳು. ಅವಳ ಹಿಂದೆ ದರ್ಜಿ ಬಂದ. ಆಮೇಲೆ ಒಬ್ಬೊಬ್ಬರಾಗಿ, ಸೊಂಟ ಹಿಡಿದವರು, ಉಬ್ಬಸದವರು. ಡಬರಿ ಒಂದೊಂದು ತಲೆಯನ್ನೂ ಕೋಲಿನ ತುದಿಯಿಂದ ತೋರಿಸುತ್ತ ಎಣಿಸಿದ. ಮತ್ತೊಮ್ಮೆ ಎಣಿಸಿದ. ಮೇಲೆ ಮಗಳು ದೀಪದ ಝಳಕ್ಕೆ ಕಣ್ಣು ಮುಚ್ಚಿ, ಹೆಬ್ಬೆರಳುಗಳು ಸ್ಪೀಕರಿನ ಅಂಚಿನಾಚೆ ಚಾಚಿರುವಂತೆ ನಿಂತಿದ್ದಳು.

“ಏಳು,” ಡಬರಿ ಮೈಕಿನಲ್ಲಿ ಹೇಳಿದ. ಕೋಲು ತಟ್ಟೆಯ ಮೇಲೆ ಒಂದು ಗೇಣಿನಲ್ಲಿ ನಿಂತಿತ್ತು. “ಏಳೇ ಇದ್ದಾರೆ. ಇನ್ನೊಬ್ಬರು ಬನ್ನಿ.”