ತಿರುಮಲೇಶನ ಒಂದು ಬೆಳಗಿನ ರಾಜ್ಯಭಾರ

ಅಮೆರಿಕದ ಸನ್ನಿವೇಲಿನ ಕನ್ನಡಿಗರ ಯುಗಾದಿ ಊಟಕ್ಕೆ ಪಲ್ಯದ ಬೀನ್ಸ್ ಹೆಚ್ಚುವ ಕೆಲಸ ಪ್ರತಿವರ್ಷ ತಿರುಮಲೇಶನ ತಲೆಗೇ ಬರುತ್ತಿತ್ತು. ಈ ಸಲ ಅದರಿಂದ ಪಾರಾಗುವ ದಾರಿಯನ್ನು ಅವನು ನೇರ ಗ್ರೀಸಿನಿಂದ ತರಿಸಿಕೊಂಡಿದ್ದ. ಪಕ್ಕದೂರು ಪಾಲೋ ಆಲ್ಟೋದಲ್ಲಿ ಸಂಜೆ ಕ್ಲಾಸಿಗೆ ಸೇರಿ, ಪ್ರಾಚೀನ ಗ್ರೀಕ್ ಜ್ಞಾನಿಗಳ ಆದರ್ಶ ರಾಜ್ಯದ ಪಾಠವನ್ನು ಅರ್ಧ ಕೇಳಿ, ಇನ್ನರ್ಧ ತೂಕಡಿಸಿ ಬಂದಿದ್ದ.

ಹಬ್ಬದ ಬೆಳಿಗ್ಗೆ ಅವನ ಅಡುಗೆಮನೆಯಲ್ಲಿ ಹೆಂಡತಿ ಸತ್ಯವತಿ, ಪಕ್ಕದ ಬ್ಲಾಕಿನ ಉಡುಪಿ ದಂಪತಿ ಸರ್ವೋತ್ತಮ ಮತ್ತು ವಿನೋದಾ ಸೇರಿ ದೊಡ್ಡ ಪಾತ್ರೆಯಲ್ಲಿ ಸಾಂಬಾರು ಕುದಿಸುತ್ತಿದ್ದರು. ತಿರುಮಲೇಶ ಬೀನ್ಸ್ ಬುಟ್ಟಿಯನ್ನು ಮೆಲ್ಲಗೆ ಆಚೆ ತಳ್ಳಿದ.

"ನ್ಯಾಯ ಅಂದ್ರೇನು ಗೊತ್ತಾ? ಅವರವರಿಗೆ ಒಗ್ಗೋ ಕೆಲಸ ಅವರವರು ಮಾಡೋದು, ಇನ್ನೊಬ್ಬರ ಕೆಲಸದಲ್ಲಿ ಮೂಗು ತೂರಿಸದೇ ಇರೋದು. ದುಡಿಯೋರು ದುಡೀತಾರೆ, ಕಾಯೋರು ಕಾಯ್ತಾರೆ, ತಿಳಿದೋರು ಆಳ್ತಾರೆ."

"ತಿಳಿದೋರು ಯಾರ್ರೀ?" ಸತ್ಯವತಿ ಸೌಟು ಎತ್ತಿದಳು.

ತಿರುಮಲೇಶ ಸಂಕೋಚದಿಂದ ಕನ್ನಡಕ ಸರಿಮಾಡಿಕೊಂಡ.

"ಹಾಗಾದ್ರೆ ನಾನೆಂತ ಮಾರಾಯ್ರೆ?" ಎಂದ ಸರ್ವೋತ್ತಮ.

"ನೀವು ಕಾಯೋರು. ವಡೆ ಕಾಯ್ತಾ ಕೂತ್ಕೊಳ್ಳಿ."

ಸರ್ವೋತ್ತಮ ಕಾಯುವ ಕಾಯಕವನ್ನು ಒಂದು ವಡೆ ಬಾಯಿಗೆ ಹಾಕಿಕೊಂಡೇ ಶುರುಮಾಡಿದ. ಬೀನ್ಸ್ ವಿನೋದಾಳ ಕೈ ಸೇರಿತು. ರಾಜರು ಸೋಫಾದ ಮೇಲೆ ವಿರಾಜಮಾನರಾದರು. ಹೈಸ್ಕೂಲಿನ ಮಗಳು ವಿಭಾ ಫೋನಿನಿಂದ ತಲೆ ಎತ್ತುವವರೆಗೂ ರಾಜ್ಯ ಸುಭಿಕ್ಷವಾಗಿತ್ತು.

"ಅಪ್ಪಾ, ವಿ ಡಿಡ್ ದಿಸ್ ಇನ್ ಸ್ಕೂಲ್. ರೂಲರ್ಸ್‌ಗೆ ಪ್ರೈವೇಟ್ ಪ್ರಾಪರ್ಟಿ ಇರಲ್ಲ. ಎವ್ರಿಥಿಂಗ್ ಈಸ್ ಶೇರ್ಡ್!"

ಸತ್ಯವತಿಯ ಮುಖದಲ್ಲಿ ಹಬ್ಬ ಈಗ ಶುರುವಾಯಿತು. "ಅಂದ್ರೆ, ನಿಮ್ಮ ಹೊಸ ಕಾರು ಇನ್ಮೇಲೆ ಎಲ್ಲರದ್ದೂ!"

ತಿರುಮಲೇಶ ಸೆಟೆದು ಕೂತ. ಆ ಕಾರು ಅವನ ಪಂಚಪ್ರಾಣ. ಬಿಳೀ ಸೀಟು, ಇನ್ನೂ ಆರದ ಹೊಸ ವಾಸನೆ. ಅದರೊಳಗೆ ಮಗಳು ಚಿಪ್ಸ್ ತಿನ್ನುವಂತಿಲ್ಲ, ಹೆಂಡತಿ ಕಾಫಿ ಕುಡಿಯುವಂತಿಲ್ಲ.

"ಒಳ್ಳೇದೇ ಆಯ್ತು," ಎಂದಳು ವಿನೋದಾ. "ನಮ್ಮ ವ್ಯಾನು ರಿಪೇರಿಗೆ ಹೋಗಿದೆ. ಕ್ಲಬ್‌ಹೌಸಿನ ಊಟಕ್ಕೆ ಸಾಂಬಾರು ನಿಮ್ಮ ಕಾರಲ್ಲೇ ಹೋಗ್ಲಿ. ಮುಚ್ಚಳ ಸ್ವಲ್ಪ ಲೂಸುಂಟು. ನಾನು ಹಿಂದೆ ಕೂತು ಹಿಡ್ಕೊಳ್ತೇನೆ."

ಸರ್ವೋತ್ತಮ ವಡೆಯ ಎಣ್ಣೆಗೈಯಲ್ಲಿ ಆಗಲೇ ಕಾರಿನ ಕೀ ಎತ್ತಿಕೊಂಡಿದ್ದ.

ಬಿಳೀ ಸೀಟಿನ ಮೇಲೆ ಸಾಂಬಾರಿನ ಭೂಪಟ ತಿರುಮಲೇಶನ ಕಣ್ಣಿಗೆ ಕಟ್ಟಿತು. "ರಾಜೀನಾಮೆ!" ಎಂದು ಸೋಫಾದಿಂದ ಜಿಗಿದ. ರಾಜ ಹೋಗಿ ನಾಮವೊಂದೇ ಉಳಿದಿತ್ತು. "ಆಳೋದು ಬೇಡ, ಏನೂ ಬೇಡ. ಸಾಂಬಾರು ನಾನೇ ಹೊತ್ಕೊಂಡು ಹೋಗ್ತೀನಿ, ನಡ್ಕೊಂಡು!"

"ಒಬ್ರಿಂದ ಆಗ್ಲಿಕ್ಕಿಲ್ಲ," ಎನ್ನುತ್ತಾ ಸರ್ವೋತ್ತಮ ಕೀ ಕೆಳಗಿಟ್ಟು ಪಾತ್ರೆಯ ಇನ್ನೊಂದು ಹಿಡಿಗೆ ಕೈಹಾಕಿದ.

ಇಬ್ಬರೂ ಪಾತ್ರೆಯನ್ನು ನಡುವೆ ತೂಗಾಡಿಸುತ್ತಾ, ಹಬ್ಬದ ಜುಬ್ಬಾಗಳಿಗೆ ಹಳದಿ ಚುಕ್ಕಿ ಇಡಿಸಿಕೊಳ್ಳುತ್ತಾ ಪಾರ್ಕಿಂಗ್ ಲಾಟು ದಾಟಿದರು. ಕಾರು ತನ್ನ ಜಾಗದಲ್ಲಿ ತಣ್ಣಗೆ ನಿಂತಿತ್ತು.

"ಆ ಗ್ರೀಕರಿಗೆ ಸಾಂಬಾರು ಗೊತ್ತಿತ್ತಾ?" ಏದುಸಿರಿನ ನಡುವೆ ಕೇಳಿದ ಸರ್ವೋತ್ತಮ.

"ಎಲ್ಲಿ ಬಂತು ಸಾರ್! ಅದಕ್ಕೇ ನ್ಯಾಯದ ಬಗ್ಗೆ ಯೋಚನೆ ಮಾಡೋಕೆ ಅಷ್ಟೊಂದು ಟೈಮು ಸಿಕ್ಕಿದ್ದು. ನಿಧಾನ, ನಿಧಾನ, ನನ್ನ ಕಡೆ ಚೆಲ್ತಾ ಇದೆ!"